ಮಂಜಣ್ಣ ಕರಗಿದ್ದನ್ನು 37 ವರ್ಷಗಳ ನಂತರ ನೋಡಿದೆ. ಮಗಳಿಗೆ ತೋರಿಸಿದ್ದು ಸರಿಯೇ?

ಕಲೀನಾದ ಹಳೆಯ ಬಾಡಿಗೆದಾರ (ಮುಂಬಯಿ) ಕೇಳಿದ್ದು:

ಮಾನ್ಯರೇ,

1987ರ ಡಿಸೆಂಬರ್‌ನಲ್ಲಿ ನನಗೆ ಎಂಟು ವರ್ಷ. ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿ ನಾವಿದ್ದ ಚಾಳಿನ ಕೊನೆಯ ಖೋಲಿಯಲ್ಲಿ ಮಂಗಳೂರು ಕಡೆಯ ಕ್ರೈಸ್ತ ಕುಟುಂಬವೊಂದಿತ್ತು. ಆ ಮನೆಯ ಗೃಹಿಣಿಯನ್ನು ಇಡೀ ಚಾಳು ‘ಬಾಯಿ’ ಎಂದೇ ಕರೆಯುತ್ತಿತ್ತು. ಹಡಗಿನ ಕೆಲಸದಲ್ಲಿದ್ದ ಅವರ ಯಜಮಾನರು ಆ ವರ್ಷ ನಾತಾಳಕ್ಕೆ, ಅಂದರೆ ಕ್ರಿಸ್ಮಸ್ಸಿಗೆ, ಮನೆಗೆ ಬರುವಾಗ ಒಂದು ವಿಡಿಯೊ ಕ್ಯಾಸೆಟ್ ತಂದಿದ್ದರು; ಅದನ್ನು ನೋಡಲು ಬೇಕಾದ ವಿಸಿಆರ್ ಮಾತ್ರ ಬಾಡಿಗೆಯದು. ಚಾಳಿನ ಹತ್ತು ಹನ್ನೆರಡು ಮಕ್ಕಳು ಅವರ ಖೋಲಿಯ ನೆಲದ ಮೇಲೆ ಒತ್ತಾಗಿ ಕುಳಿತು, ಕುಸ್ವಾರಿನ (ಹಬ್ಬದ ತಿಂಡಿಗಳ) ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸುತ್ತ ನೋಡಿದ ಆ ಚಿತ್ರವೇ ‘ದಿ ಸ್ನೋಮ್ಯಾನ್’ ಎಂಬುದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು. ನಮಗೆ ಅದು ‘ಮಂಜಣ್ಣನ ಸಿನಿಮಾ’ ಆಗಿತ್ತು. ಹೆಸರಿಟ್ಟವರು ಬಾಯಿ. ‘ಹಿಮಮಾನವ’ ಎಂದಿದ್ದರೆ ಹಿಮಾಲಯದಲ್ಲಿ ಹೆಜ್ಜೆಗುರುತು ಬಿಟ್ಟು ಹೋಗುವ ರೋಮದ ಪ್ರಾಣಿ ನಮ್ಮ ಕಣ್ಣ ಮುಂದೆ ಬಂದು ಎಲ್ಲವೂ ಕೆಟ್ಟುಹೋಗುತ್ತಿತ್ತು.

ಒಬ್ಬ ಹುಡುಗ ಅಂಗಳದಲ್ಲಿ ಹಿಮದ ಮನುಷ್ಯನನ್ನು ಮಾಡುತ್ತಾನೆ. ನಡುರಾತ್ರಿ ಅವನಿಗೆ ಜೀವ ಬರುತ್ತದೆ, ಇಬ್ಬರೂ ಸದ್ದಿಲ್ಲದೆ ಮನೆಯನ್ನೆಲ್ಲ ಸುತ್ತುತ್ತಾರೆ, ಮೋಟಾರ್ ಸೈಕಲ್ ಹತ್ತುತ್ತಾರೆ, ಕೊನೆಗೆ ಕೈ ಹಿಡಿದುಕೊಂಡು ಆಕಾಶಕ್ಕೇ ಹಾರುತ್ತಾರೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದುತ್ತಿದ್ದ ನನಗೆ ಈ ಚಿತ್ರದ ಒಂದೊಂದು ಮಾತೂ ನೆನಪಿತ್ತು. ಹಾರುವ ಮೊದಲು ಮಂಜಣ್ಣ ಹುಡುಗನಿಗೆ, “ಬಾ ಪುಟ್ಟಾ, ಕೈ ಗಟ್ಟಿಯಾಗಿ ಹಿಡಿದುಕೋ, ಕೆಳಗೆ ಮಾತ್ರ ನೋಡಬೇಡ” ಎನ್ನುತ್ತಾನೆಂದು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡುತ್ತಿದ್ದೆ.

ಕಳೆದ ವಾರ ಏಳು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚಿತ್ರವನ್ನು ಮತ್ತೆ ನೋಡಿದೆ. ಅದರಲ್ಲಿ ಮಾತೇ ಇಲ್ಲ. ಹಾರಾಟದ ಹೊತ್ತಿನ ಒಂದು ಹಾಡನ್ನು ಬಿಟ್ಟರೆ ಉಳಿದದ್ದೆಲ್ಲ ಸಂಗೀತ ಮತ್ತು ಚಿತ್ರ. ನನ್ನೊಳಗೆ ಇಷ್ಟು ಕಾಲ ಮಾತಾಡುತ್ತಿದ್ದವನು ಮಂಜಣ್ಣನಲ್ಲ, ನಮ್ಮ ಬೆನ್ನ ಹಿಂದೆ ಮಂಚದ ಮೇಲೆ ಕುಳಿತು ಕನ್ನಡಕ್ಕೆ ಕೊಂಕಣಿ ಬೆರೆಸಿ ಕಥೆ ಹೇಳುತ್ತಿದ್ದ ಬಾಯಿ.

ಇದಕ್ಕಿಂತ ದೊಡ್ಡ ಆಘಾತ ಮುಂದಿತ್ತು. ಅಂದು ಹುಡುಗ ಮನೆಗೆ ಮರಳಿ ಹಾಸಿಗೆ ಸೇರುತ್ತಿದ್ದಂತೆ ಬಾಯಿ, “ಪುಟ್ಟ ಮಲಗಿದ, ಮಂಜಣ್ಣನೂ ಅಂಗಳದಲ್ಲಿ ಮಲಗಿದ, ಇನ್ನು ನೀವೂ ಹೋಗಿ ಮಲಗಿ” ಎಂದು ಟಿವಿ ಆರಿಸಿದ್ದರು. ಚಿತ್ರ ಮುಗಿದೇಹೋಯಿತೆಂದು ನಾವೆಲ್ಲ ಎದ್ದೆವು. ಅದರ ಮುಂದೆ ಇನ್ನೂ ಒಂದು ಬೆಳಗು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಹುಡುಗ ಎದ್ದು ಅಂಗಳಕ್ಕೆ ಓಡುತ್ತಾನೆ. ಅಲ್ಲಿ ಟೋಪಿ, ಶಾಲು, ಒಂದು ಕಿತ್ತಳೆ, ಕೆಲವು ಕಲ್ಲಿದ್ದಲ ಚೂರು, ಕರಗಿದ ಹಿಮದ ಒಂದು ಗುಪ್ಪೆ. ಅವನು ಮೊಣಕಾಲೂರಿ ಕೂರುತ್ತಾನೆ, ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಮುನ್ಸೂಚನೆ ಇಲ್ಲದೆ ಅದನ್ನು ನೋಡಿದ ನಲವತ್ತೈದರ ನಾನೇ ಒಂದು ಕ್ಷಣ ತಬ್ಬಿಬ್ಬಾದೆ. ಮಗಳು ಅಳಲಿಲ್ಲ. ಮಲಗುವ ಮುನ್ನ, “ಅಪ್ಪ, ಅವರ ಮನೆಯಲ್ಲಿ ದೊಡ್ಡ ಫ್ರೀಜರ್ ಇತ್ತಲ್ಲ, ಅವನನ್ನು ಅದರೊಳಗೇ ಯಾಕೆ ಬಿಡಲಿಲ್ಲ?” ಎಂದು ಕೇಳಿದಳು, ಮರುದಿನವೂ ಕೇಳಿದಳು. ನನ್ನ ಬಳಿ ಉತ್ತರವಿಲ್ಲ. ಮಗುವಿಗೆ ತೋರಿಸುವ ಮೊದಲು ನೀವೊಮ್ಮೆ ನೋಡಬೇಕಿತ್ತು ಎಂಬುದು ಮನೆಯವಳ ತಕರಾರು.

ಬಲ್ಲವರು ದಯವಿಟ್ಟು ತಿಳಿಸಿ. ಈ ಚಿತ್ರಕ್ಕೆ ಮಾತು ಸೇರಿಸಿದ ಆವೃತ್ತಿ ಎಲ್ಲಾದರೂ ಇದೆಯೇ? ಆರಂಭದಲ್ಲಿ ಅಟ್ಟ ಹತ್ತಿ, ಡ್ರಾಯರಿನಿಂದ ಒಂದು ಶಾಲು ತೆಗೆಯುವ ತೆಳ್ಳನೆಯ ಬಿಳಿಯ ಮನುಷ್ಯನೊಬ್ಬ ನನಗೆ ನೆನಪಿದ್ದಾನೆ, ಈಗ ನೋಡಿದ ಪ್ರತಿಯಲ್ಲಿ ಅವನಿಲ್ಲ. ಅವನೂ ನನ್ನ ಕಲ್ಪನೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಬಾಯಿ ಮಾಡಿದ್ದು ಸರಿಯೋ ನಾನು ಮಾಡಿದ್ದು ಸರಿಯೋ?

ಕೋಥ್ರೂಡಿನ ಚಿತ್ರಕಾರ (ಪುಣೆ) ಬರೆದದ್ದು:

ಅಟ್ಟದ ಮನುಷ್ಯ ನಿಮ್ಮ ಕಲ್ಪನೆಯಲ್ಲ, ನಿಶ್ಚಿಂತರಾಗಿರಿ. ಅವರು ಹಾಡುಗಾರ ಡೇವಿಡ್ ಬೋವಿ. 1982ರ ಡಿಸೆಂಬರ್ 26ರಂದು ಬ್ರಿಟನ್ನಿನ ಚಾನೆಲ್ 4ರಲ್ಲಿ ಈ ಚಿತ್ರ ಮೊದಲ ಬಾರಿಗೆ ಪ್ರಸಾರವಾದಾಗ, ಮೂಲ ಪುಸ್ತಕದ ಕರ್ತೃ ರೇಮಂಡ್ ಬ್ರಿಗ್ಸ್ ಅವರೇ ಹೊಲದಲ್ಲಿ ನಡೆಯುತ್ತ ನಾಲ್ಕು ಮಾತಾಡುವ ಪೀಠಿಕೆ ಇತ್ತು. ಬೋವಿ ಅವರ ಪೀಠಿಕೆಯನ್ನು ಆಮೇಲೆ ಚಿತ್ರೀಕರಿಸಲಾಯಿತು. ಅದರಲ್ಲಿ ಅವರು ಬೆಳೆದು ದೊಡ್ಡವನಾದ ಆ ಹುಡುಗನ ಪಾತ್ರದಲ್ಲಿದ್ದಾರೆ, ಡ್ರಾಯರಿನಿಂದ ತೆಗೆಯುವುದು ಅಂದು ಹಾರಾಟದ ನಂತರ ಉತ್ತರ ಧ್ರುವದ ಔತಣದಲ್ಲಿ ಸಾಂತಾ ಕ್ಲಾಸ್ ಹುಡುಗನಿಗೆ ಉಡುಗೊರೆಯಾಗಿ ಕೊಟ್ಟ ಶಾಲನ್ನೇ. ಅಂದರೆ ಕಥೆಯ ಕೊನೆಯ ವಸ್ತುವನ್ನು ನೀವು 1987ರಲ್ಲೇ, ಅದೂ ಎಲ್ಲಕ್ಕಿಂತ ಮೊದಲು ನೋಡಿದ್ದಿರಿ. ಅದು ಏನೆಂದು ಗುರುತಿಸುವ ಅವಕಾಶವನ್ನಷ್ಟೇ ಬಾಯಿಯವರು ನಿಮಗೆ ಕೊಡಲಿಲ್ಲ.

ಮಾತಿಲ್ಲದಿರುವುದು ಕೊರತೆಯಲ್ಲ, ಅದು ಪುಸ್ತಕದಿಂದಲೇ ಬಂದ ಗುಣ. 1978ರ ಆ ಚಿತ್ರಪುಸ್ತಕದಲ್ಲಿ ಒಂದು ಸಾಲಿನ ಕಥನವೂ ಇಲ್ಲ. ಅದಕ್ಕೆ ಹಿಂದಿನ ವರ್ಷ ಬ್ರಿಗ್ಸ್ ಹೊರತಂದ ಪುಸ್ತಕ ಕೆಸರು, ಲೋಳೆ ಮತ್ತು ಮಾತುಗಳಿಂದ ತುಂಬಿ ತುಳುಕುತ್ತಿತ್ತು. ಅದರಲ್ಲಿ ಮುಳುಗೆದ್ದ ಮೇಲೆ ಶುಚಿಯಾದ, ಮಾತಿಲ್ಲದ ಏನನ್ನಾದರೂ ಮಾಡಬೇಕೆಂದು ಅವರಿಗೆ ಅನ್ನಿಸಿತ್ತು. ಅದರ ಫಲ ನಿಮ್ಮ ಮಂಜಣ್ಣ. ಬಾಯಿಯವರು ಕನ್ನಡದ ಮಾತನ್ನು ಅಷ್ಟು ಸಲೀಸಾಗಿ ತುಂಬಲು ಸಾಧ್ಯವಾದದ್ದೂ ಅಲ್ಲಿ ಮೊದಲೇ ಕೂತ ಬೇರೆ ಭಾಷೆ ಇರಲಿಲ್ಲ ಎಂಬುದರಿಂದಲೇ.

ನಾನು ಕೆಲವು ಕಾಲ ಅನಿಮೇಷನ್ ಸ್ಟುಡಿಯೊಗಳಲ್ಲಿ ಚಿತ್ರ ಬರೆದು ಹೊಟ್ಟೆ ಹೊರೆದವನಾದ್ದರಿಂದ ಈ ಚಿತ್ರದ ಕೆಲಸಗಾರಿಕೆಯ ಬಗ್ಗೆ ಹೇಳದೆ ಇರಲಾರೆ. ಆ ಕಾಲದ ಸಾಮಾನ್ಯ ಕಾರ್ಟೂನಿನಲ್ಲಿ ಪಾರದರ್ಶಕ ಸೆಲ್ ಹಾಳೆಯ ಮೇಲೆ ಗೆರೆ ಎಳೆದು, ಒಳಗೆ ಸಪಾಟಾದ ಬಣ್ಣ ತುಂಬುತ್ತಿದ್ದರು. ನಿರ್ದೇಶಕಿ ಡಯಾನ್ ಜಾಕ್ಸನ್ ಅವರ ತಂಡ ಪುಸ್ತಕದ ಬಳಪದ ಮೃದುತ್ವವನ್ನು ಉಳಿಸಿಕೊಳ್ಳಲೆಂದು ಸೆಲ್ ಮೇಲೆಯೇ ಪ್ಯಾಸ್ಟೆಲ್ ಮತ್ತು ಮೇಣದ ಬಳಪಗಳಿಂದ ಬಣ್ಣ ತೀಡಿತು. ಬಳಪದ ಗೀಚು ಒಂದು ಹಾಳೆಯಲ್ಲಿ ಬಿದ್ದಂತೆ ಮುಂದಿನ ಹಾಳೆಯಲ್ಲಿ ಬೀಳುವುದಿಲ್ಲ. ಹಾಳೆಗಳು ವೇಗವಾಗಿ ಓಡುವಾಗ ಹುಡುಗನ ಕೆನ್ನೆ, ಮಂಜಣ್ಣನ ಹೊಟ್ಟೆ, ಗೋಡೆಯ ನೆರಳು ಎಲ್ಲವೂ ಸಣ್ಣಗೆ ನಡುಗುತ್ತವೆ. ನಮ್ಮ ಕಸುಬಿನಲ್ಲಿ ಇದಕ್ಕೆ ‘ಬಾಯ್ಲಿಂಗ್’ ಎನ್ನುತ್ತೇವೆ, ಸಾಮಾನ್ಯವಾಗಿ ಇದನ್ನು ದೋಷವೆಂದು ತಿದ್ದಲು ಹೇಳುತ್ತಾರೆ. ಇಲ್ಲಿ ಅದೇ ಉಸಿರಾಟದಂತಿದೆ. ಚಿತ್ರದ ಉದ್ದ ಸುಮಾರು 26 ನಿಮಿಷ. ಸೆಕೆಂಡಿಗೆ ಹನ್ನೆರಡೇ ಚಿತ್ರ ಎಂದು ಹಿಡಿದರೂ ಹದಿನೆಂಟು ಸಾವಿರ ದಾಟುತ್ತದೆ, ಕಂಪ್ಯೂಟರಿನ ಸಹಾಯವಿಲ್ಲದೆ. ಹಾರಾಟದಲ್ಲಿ ಕೆಳಗಿನ ಬೆಟ್ಟ, ಹೊಲ, ಮನೆಗಳು ತಿರುಗುತ್ತ ಸರಿಯುವುದನ್ನು ಇನ್ನೊಮ್ಮೆ ಗಮನಿಸಿ. ನಾನಂತೂ ಆ ಭಾಗ ಬಂದಾಗ ಕಥೆಯನ್ನು ಮರೆತು ಆ ಕೈಗಳನ್ನು ನೆನೆಯುತ್ತೇನೆ.

ಇನ್ನು ನಿಮ್ಮ ಮಗಳ ಪ್ರಶ್ನೆ. ಆಕೆ ನಮಗಿಂತ ಚೆನ್ನಾಗಿ ನೋಡಿದ್ದಾಳೆ. ಕೊನೆಯ ಬೆಳಗು ಧುತ್ತೆಂದು ಬರುವುದಿಲ್ಲ, ಅದರ ಬೀಜವನ್ನು ನಡುವೆಯೇ ಬಿತ್ತಲಾಗಿದೆ. ಮೋಟಾರ್ ಸೈಕಲ್ ಸವಾರಿಯಲ್ಲಿ ಎಂಜಿನ್ನಿನ ಕಾವಿಗೆ ಮಂಜಣ್ಣ ಕರಗತೊಡಗುತ್ತಾನೆ, ಅದಕ್ಕಾಗಿಯೇ ಫ್ರೀಜರಿನೊಳಗೆ ಹೋಗಿ ಮಲಗುತ್ತಾನೆ. ಅಲ್ಲಿ ಒಂದು ಪೊಟ್ಟಣದ ಮೇಲಿನ ಧ್ರುವಪ್ರದೇಶದ ಚಿತ್ರ ಅವನ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿದ ಮೇಲೆ ಅವನಿಗೆ ನಿಲ್ಲಲಾಗುವುದಿಲ್ಲ, ಹುಡುಗನ ಕೈ ಹಿಡಿದು ಓಡುತ್ತಾನೆ, ಹಾರುತ್ತಾನೆ. ಫ್ರೀಜರ್ ಅವನಿಗೆ ಸುರಕ್ಷಿತ ಜಾಗವೇ ಸರಿ. ಆದರೆ ಅದರೊಳಗೇ ಉಳಿದಿದ್ದರೆ ಆ ಹಾರಾಟ ಇರುತ್ತಿರಲಿಲ್ಲ. ಮಗಳಿಗೆ ಇದನ್ನು ವಿವರಿಸಬೇಡಿ. ಆ ದೃಶ್ಯವನ್ನು ಮತ್ತೊಮ್ಮೆ ತೋರಿಸಿ, ಸಾಕು.

ನೆನಪು ಮೋಸ ಮಾಡಿತೆಂದು ಬೇಸರಿಸಬೇಡಿ. ಹಾರಾಟದ ಆ ಹಾಡನ್ನು ಚಿತ್ರದಲ್ಲಿ ಹಾಡಿದವನು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿನ ಗಾಯಕವೃಂದದ ಬಾಲಕ ಪೀಟರ್ ಆಟಿ. ಮೂರು ವರ್ಷಗಳ ನಂತರ, 1985ರಲ್ಲಿ, ಅಲೆಡ್ ಜೋನ್ಸ್ ಎಂಬ ವೇಲ್ಸ್‌ನ ಬಾಲಕ ಅದನ್ನೇ ಮತ್ತೆ ಹಾಡಿದಾಗ ಅದು ಮನೆಮಾತಾಯಿತು. ಚಿತ್ರದಲ್ಲಿ ಕೇಳುವುದು ಜೋನ್ಸನ ಕಂಠವೆಂದು ಬ್ರಿಟನ್ನಿನಲ್ಲಿ ಎಷ್ಟೋ ಮಂದಿ ಇಂದಿಗೂ ನಂಬಿದ್ದಾರೆ. ಆಟಿಯ ಹೆಸರು ಮೂಲ ಚಿತ್ರದ ಪಟ್ಟಿಯಲ್ಲೇ ಇರಲಿಲ್ಲ, ಪಾಪ.

ಡೊಂಬಿವಿಲಿಯ ಓದುಗ ಬರೆದದ್ದು:

ಎರಡು ಮಾತು, ಸ್ವಲ್ಪ ಕಹಿಯಾಗಿದ್ದರೆ ಕ್ಷಮಿಸಿ.

ನನ್ನ ಬಳಿ ಮೂಲ ಪುಸ್ತಕವಿದೆ. ಅದರಲ್ಲಿ ಕ್ರಿಸ್ಮಸ್ಸೇ ಇಲ್ಲ. ಸಾಂತಾ ಇಲ್ಲ, ಉತ್ತರ ಧ್ರುವದ ಔತಣವಿಲ್ಲ, ಉಡುಗೊರೆಯ ಶಾಲೂ ಇಲ್ಲ. ಇಬ್ಬರೂ ಬ್ರೈಟನ್ನಿನ ಕಡಲ ತೀರದವರೆಗೆ ಹಾರಿ, ಅಲ್ಲಿ ಸೂರ್ಯೋದಯವಾಗುವ ಹೊತ್ತಿಗೆ ಮರಳುತ್ತಾರೆ, ಬೆಳಗ್ಗೆ ಮಂಜಣ್ಣ ಕರಗಿರುತ್ತಾನೆ, ಅಷ್ಟೆ. ಬ್ರಿಗ್ಸ್ ಅವರ ತಂದೆತಾಯಿ ಇಬ್ಬರೂ 1971ರಲ್ಲಿ ತೀರಿಕೊಂಡರು, 1973ರಲ್ಲಿ ಅವರ ಹೆಂಡತಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. 1978ರಲ್ಲಿ ಈ ಪುಸ್ತಕ ಬಂತು. ಇದನ್ನು ತಿಳಿದು ಓದಿದವರಿಗೆ ಕೊನೆಯ ಪುಟ ಹಬ್ಬದ ಪುಟವಾಗಿ ಕಾಣುವುದು ಕಷ್ಟ. ಚಿತ್ರ ಮಾಡಿದವರು ಸಾಂತಾನನ್ನು ತಂದು ಒಂದು ಶಾಲು ಕೊಡಿಸಿದರು, ನಡೆದದ್ದು ಕನಸಲ್ಲ ಎಂಬುದಕ್ಕೆ ಪುರಾವೆಯಾಗಿ. ನನಗೆ ಆ ಪುರಾವೆ ಬೇಡವಾಗಿತ್ತು. ಅಂಗಳದಲ್ಲಿ ಬಿದ್ದಿದ್ದ ಟೋಪಿಯೇ ಸಾಕಿತ್ತು.

ಎರಡನೆಯದು, ಬಾಯಿಯವರ ವಿಷಯ. ನೀವು ಅವರನ್ನು ಮಕ್ಕಳ ಮನಸ್ಸು ಬಲ್ಲ ಕಥೆಗಾರ್ತಿಯಾಗಿ ಚಿತ್ರಿಸಿದ್ದೀರಿ. ಇರಬಹುದು. ಆದರೆ ಆ ದಿನಗಳಲ್ಲಿ ವಿಸಿಆರ್ ಬಾಡಿಗೆ ಅಂದರೆ ಏನೆಂದು ನನಗೂ ನೆನಪಿದೆ. ಹೇಳಿದ ಗಂಟೆಗೆ ಹಿಂದಿರುಗಿಸಬೇಕು, ತಡವಾದರೆ ಇನ್ನೊಂದು ದಿನದ ಹಣ. ಹನ್ನೆರಡು ಮಕ್ಕಳನ್ನು ಖೋಲಿಯಿಂದ ಎಬ್ಬಿಸಲು ಆ ತಾಯಿಗೆ ಒಂದು ನೆಪ ಬೇಕಿತ್ತು, ಹುಡುಗ ಮಲಗಿದ್ದು ಆ ನೆಪಕ್ಕೆ ಒದಗಿತು. ನಾವು ನಲವತ್ತು ದಾಟಿದ ಮೇಲೆ ಬಾಲ್ಯದ ಪ್ರತಿಯೊಂದು ಗುಂಡಿ ಒತ್ತಿದ್ದರಲ್ಲೂ ತತ್ವ ಹುಡುಕುತ್ತೇವೆ.

ಮಡಗಾಂವಿನ ನಿವೃತ್ತ ಶಿಕ್ಷಕಿ (ಗೋವಾ) ಬರೆದದ್ದು:

ಡೊಂಬಿವಿಲಿಯ ಮಹನೀಯರೇ, ನೆಪವೇ ಆಗಿರಲಿ. ಆದರೆ ನೆಪವನ್ನು ಅಷ್ಟು ಸರಿಯಾದ ಜಾಗದಲ್ಲಿ ಹುಡುಕಿಕೊಳ್ಳುವುದೂ ಒಂದು ಬುದ್ಧಿಯೇ. ಹಾರಾಟದ ನಡುವೆ ಆರಿಸಿದ್ದರೆ ಮಕ್ಕಳು ಖೋಲಿಯನ್ನೇ ಕಿತ್ತುಹಾಕುತ್ತಿದ್ದರು.

ಕಲೀನಾದ ತಮ್ಮನವರು ಕೇಳಿರುವ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಏಳು ವರ್ಷದ ಮಗುವಿಗೆ ಸಾವನ್ನು ತೋರಿಸಬಹುದೇ ಎಂದು ನಾವು ಇಷ್ಟು ಗಾಬರಿಯಾಗುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಪುಣ್ಯಕೋಟಿಯ ಹಾಡನ್ನು ನಾವು ಯಾವ ವಯಸ್ಸಿನಲ್ಲಿ ಕಲಿತೆವು? ಹಸು ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದಾಗ ಹುಲಿ ಮನಕರಗಿ ತಾನೇ ಪ್ರಾಣ ಬಿಡುತ್ತದೆ. ಅದನ್ನು ಹೇಳಿಕೊಡುವಾಗ ನಮ್ಮ ಮೇಷ್ಟ್ರು ಯಾರೂ ಹುಲಿ ಮಲಗಿತೆಂದು ಪುಸ್ತಕ ಮುಚ್ಚಲಿಲ್ಲ. ತರಗತಿಯೆಲ್ಲ ಮೂಗು ಒರೆಸಿಕೊಳ್ಳುತ್ತ ಹಾಡಿ ಮುಗಿಸುತ್ತಿತ್ತು, ಆಮೇಲೆ ಆಟದ ಗಂಟೆ ಹೊಡೆದರೆ ಎಲ್ಲರೂ ಬಯಲಿಗೆ ಓಡುತ್ತಿದ್ದರು.

ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪುತ್ತೇನೆ. ನಮ್ಮ ಮಕ್ಕಳು ಮಣ್ಣಿನಲ್ಲಿ ಮಾಡಿದ್ದು ನೀರಿನಲ್ಲಿ ಕರಗುವುದನ್ನು ವರ್ಷವರ್ಷವೂ ನೋಡುತ್ತಾರೆ. ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಗೋವೆಯ ಚೌತಿಯಲ್ಲಾಗಲಿ ಗಣಪತಿಯನ್ನು ಕಳುಹಿಸುವುದು ಅವರಿಗೆ ಹೊಸದಲ್ಲ. ಆದರೆ ಅಲ್ಲಿ ಕಳುಹಿಸುವಾಗಲೇ ಮುಂದಿನ ವರ್ಷ ಬೇಗ ಬಾ ಎಂದು ಕೂಗಿ ಕಳುಹಿಸುತ್ತೇವೆ. ಈ ಚಿತ್ರದ ಹುಡುಗನಿಗೆ ಹಾಗೆ ಕೂಗಲು ಯಾರೂ ಕಲಿಸಿಲ್ಲ. ಅವನು ಮಲಗಿದ್ದಾಗಲೇ ಎಲ್ಲ ಮುಗಿದುಹೋಗಿರುತ್ತದೆ. ನಿಮ್ಮನ್ನು ತಬ್ಬಿಬ್ಬು ಮಾಡಿದ್ದು ಕರಗುವಿಕೆಯಲ್ಲ, ಬೀಳ್ಕೊಡುಗೆ ಇಲ್ಲದಿರುವುದು ಎಂದು ನನ್ನ ಊಹೆ.

ನಿವೃತ್ತಿಗೆ ಮೊದಲು ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಈ ಚಿತ್ರವನ್ನು ಮೂರನೆಯ ತರಗತಿಗೆ ಹಲವು ಬಾರಿ ತೋರಿಸಿದ್ದೇನೆ. ನನ್ನ ಮಕ್ಕಳಲ್ಲಿ ಕೊಂಕಣಿಯವರು, ಕನ್ನಡದವರು, ಮರಾಠಿಯವರು, ಒಡಿಯಾದವರು ಎಲ್ಲರೂ ಇದ್ದರು. ಯಾರಿಗೂ ಅನುವಾದ ಬೇಕಾಗದ ಚಿತ್ರ ನನಗೆ ಸಿಕ್ಕಿದ್ದು ಇದೊಂದೇ. ಅಪ್ಪನ ಕಟ್ಟುಹಲ್ಲನ್ನು ಮಂಜಣ್ಣ ಹಾಕಿಕೊಂಡಾಗ ನಗುವುದು ಎಲ್ಲ ಭಾಷೆಯಲ್ಲೂ ಒಂದೇ. ಕೊನೆಯ ದೃಶ್ಯದ ನಂತರ ಕೋಣೆ ಸುಮ್ಮನಾಗುತ್ತಿತ್ತು. ಒಂದು ವರ್ಷ ಹಾಗೆ ಸುಮ್ಮನಾದಾಗ ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಐಸು ಸಂಜೆವರೆಗೂ ಇರಲ್ಲ, ಹೊಟ್ಟು ಹಾಕಿ ಗೋಣಿ ಮುಚ್ಚಬೇಕಿತ್ತು” ಎಂದ. ನಿಮ್ಮ ಮಗಳ ಫ್ರೀಜರ್ ಪ್ರಶ್ನೆ ಓದಿದಾಗ ಅವನದೇ ಮುಖ ಕಣ್ಣ ಮುಂದೆ ಬಂತು. ಮಕ್ಕಳು ದುಃಖಿಸುವುದಕ್ಕಿಂತ ಮೊದಲು ಉಪಾಯ ಹುಡುಕುತ್ತಾರೆ. ಅದನ್ನು ತಡೆಯಬೇಡಿ, ಬೇಗ ಸಮಾಧಾನವನ್ನೂ ಹೇಳಬೇಡಿ.

ನಿಮ್ಮ ತಪ್ಪೇನಾದರೂ ಇದ್ದರೆ ಅದು ಒಂದೇ: ರಾತ್ರಿ ಮಲಗುವ ಮುನ್ನ ತೋರಿಸಿದಿರಿ. ಇಂಥದ್ದನ್ನು ಬೆಳಗ್ಗೆ ತೋರಿಸಬೇಕು, ಮುಂದೆ ಇಡೀ ಹಗಲು ಬಾಕಿ ಇರುವಂತೆ. ಬಾಯಿಯವರಿಗೆ ರಾತ್ರಿ ಬಿಟ್ಟರೆ ಬೇರೆ ಹೊತ್ತು ಇರಲಿಲ್ಲವಾದ್ದರಿಂದ ಅವರು ಬೆಳಗಿನ ಭಾಗವನ್ನೇ ಬಿಟ್ಟುಬಿಟ್ಟರು. ಸಾಂತಾ ಬೇಕಿತ್ತೋ ಬೇಡವೋ ಎಂಬ ವಾದವನ್ನು ನಾನು ಹಿರಿಯರಿಗೆ ಬಿಡುತ್ತೇನೆ. ನನ್ನ ಮೂರನೆಯ ತರಗತಿಯವರು ಹಿಮಸಾರಂಗ ಕಂಡ ಕೂಡಲೇ ಚಪ್ಪಾಳೆ ತಟ್ಟುತ್ತಿದ್ದರು.

ಅಂದಹಾಗೆ, ಆ ಬಾಯಿಯವರು ಈಗ ಎಲ್ಲಿದ್ದಾರೆ? ನಾವೆಲ್ಲ ಅವರ ಮನಸ್ಸಿನಲ್ಲಿ ಏನಿತ್ತೆಂದು ಚರ್ಚಿಸುತ್ತಿದ್ದೇವೆ, ನೀವು ಅವರನ್ನೇ ಕೇಳಬಾರದೇ?

ಕಲೀನಾದ ಹಳೆಯ ಬಾಡಿಗೆದಾರ ಮತ್ತೆ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಚಿತ್ರಕಾರರ ಮಾತಿನಂತೆ ಬೋವಿ ಅವರ ಪೀಠಿಕೆಯಿರುವ ಪ್ರತಿಯನ್ನು ಹುಡುಕಿ ನೋಡಿದೆ. ಅದೇ ಅಟ್ಟ, ಅದೇ ಡ್ರಾಯರ್. ಅವನು ಆ ಮನೆಯ ಮಾಲೀಕನೆಂದೂ ಬಾಡಿಗೆ ವಸೂಲಿಗೆ ಬಂದಿದ್ದಾನೆಂದೂ ನಾನು ಅಂದುಕೊಂಡಿದ್ದೆ, ಚಾಳಿನ ಮಕ್ಕಳಿಗೆ ಹೊಳೆಯುವುದೇ ಅಷ್ಟು. ಭಾನುವಾರ ಬೆಳಗ್ಗೆ ಫ್ರೀಜರಿನ ದೃಶ್ಯವನ್ನು ಮಗಳಿಗೆ ಮತ್ತೆ ತೋರಿಸಿದೆ. ಆ ಪೊಟ್ಟಣದ ಮೇಲಿನ ಚಿತ್ರವನ್ನು ಅವಳು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಏನೂ ಹೇಳಲಿಲ್ಲ, ಆದರೆ ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ.

ಟೀಚರಮ್ಮನವರ ಕೊನೆಯ ಮಾತು ನನ್ನನ್ನು ಚುಚ್ಚಿತು. ಚಾಳು ಬಿಟ್ಟು ಮಂಗಳೂರಿಗೆ ಮರಳಿದ ಬಾಯಿ ಈಗ ಮಗನ ಮನೆಯಲ್ಲಿದ್ದಾರೆಂದು ಗೊತ್ತಿತ್ತು. ಹಳೆಯ ನೆರೆಯವರಿಂದ ನಂಬರ್ ಪಡೆದು ನಿನ್ನೆ ಸಂಜೆ ಫೋನ್ ಮಾಡಿದೆ. 82 ವರ್ಷ, ಕಿವಿ ಸ್ವಲ್ಪ ಮಂದ, ದನಿ ಮಾತ್ರ ಅದೇ. ನನ್ನ ಗುರುತು ಹತ್ತಿತು, ನಮ್ಮ ತಾಯಿ ಮಾಡುತ್ತಿದ್ದ ನೀರುದೋಸೆಯ ನೆನಪೂ ಇತ್ತು. ಸಿನಿಮಾದ ನೆನಪು ಇರಲಿಲ್ಲ. ವಿಸಿಆರ್ ಬಾಡಿಗೆಗೆ ತಂದದ್ದು ನೆನಪಿತ್ತು. ರಾತ್ರಿ ಒಂಬತ್ತಕ್ಕೆ ಹಿಂದಿರುಗಿಸಬೇಕಿತ್ತಂತೆ. ಡೊಂಬಿವಿಲಿಯ ಮಹನೀಯರು ಇಷ್ಟನ್ನು ಓದಿ ಸಂತೋಷಪಡಬಹುದು.

‘ಮಂಜಣ್ಣ’ ಎಂದೊಡನೆ ಅವರು ಜೋರಾಗಿ ನಕ್ಕರು. ನಮ್ಮ ಚಾಳಿಗೆ ಬೆಳಗಿನ ಜಾವ ನೀರು ಬಿಡುತ್ತಿದ್ದ, ದೊಡ್ಡ ಹೊಟ್ಟೆಯ, ತಲೆಗೆ ಸದಾ ಟೋಪಿ ಹಾಕುತ್ತಿದ್ದ ಒಬ್ಬ ಮನುಷ್ಯನ ಹೆಸರದು, ಪರದೆಯ ಮೇಲಿನ ಆಕೃತಿ ಅವನಂತೆಯೇ ಕಂಡಿದ್ದರಿಂದ ಬಾಯಿಗೆ ಬಂದದ್ದನ್ನು ಹೇಳಿದ್ದರಂತೆ. ಆ ಮನುಷ್ಯ ನನಗೆ ಒಂದಿಷ್ಟೂ ನೆನಪಿಲ್ಲ. ಅವನು ಬಿಡುತ್ತಿದ್ದ ನೀರಿಗಾಗಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತವನು ನಾನೇ.

ನಾನು ಕಥೆಯನ್ನು ಮೊದಲಿನಿಂದ ಹೇಳಿದೆ. ಹುಡುಗ, ಹಿಮ, ಕಟ್ಟುಹಲ್ಲು, ಮೋಟಾರ್ ಸೈಕಲ್, ಹಾರಾಟ, ಸಾಂತಾ. ಅವರು ಒಂದೊಂದಕ್ಕೂ “ಹೌದಾ? ಆಮೇಲೆ?” ಎನ್ನುತ್ತ ಕೇಳಿದರು. ಮನೆಗೆ ಮರಳಿದ ತನಕ ಬಂದಾಗ, “ಕೊನೆಗೆ ಏನಾಯಿತು ಅವನಿಗೆ?” ಎಂದು ಕೇಳಿದರು.

“ಪುಟ್ಟ ಮಲಗಿದ, ಬಾಯಿ,” ಎಂದೆ. “ಮಂಜಣ್ಣನೂ ಅಂಗಳದಲ್ಲಿ ಮಲಗಿದ.”

ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತಿದ್ದ ಮಗಳು ಪೆನ್ಸಿಲ್ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.